ಸೋಮವಾರದ ಎಣಿಕೆ

ಹೋದ ವಾರ ನಮ್ಮ ಬಡಾವಣೆಯ ನಾಲ್ಕು ರಸ್ತೆ ಕೂಡುವಲ್ಲಿ ಒಬ್ಬ ಹುಡುಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ತಲೆಗೆ ಟೋಪಿ, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಚೌಕ ಚೌಕ ಮಾಡಿದ ಹಾಳೆ. ಬಸ್ಸಿಗೊಂದು ಗೀಟು, ಕಾರಿಗೊಂದು ಗೀಟು, ಆಟೋಗೊಂದು ಗೀಟು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆಯುತ್ತಿದ್ದಳು. ನಾನು ತರಕಾರಿ ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲೇ ನಿಂತುಬಿಟ್ಟೆ. ಇದು ಯಾವುದಕ್ಕಮ್ಮ ಎಂದು ಕೇಳಿದೆ. ಬೆಂಗಳೂರಿಗೆ ಮುಂದಿನ ಇಪ್ಪತ್ತೈದು ವರ್ಷಕ್ಕೆ ಎಷ್ಟು ರಸ್ತೆ ಬೇಕು, ಎಷ್ಟು ಬಸ್ಸು ಬೇಕು ಎಂದು ಯೋಜನೆ ಮಾಡುತ್ತಾರಂತೆ, ಅದಕ್ಕೆ ಎಂದಳು. ನನ್ನ ಹತ್ತಿರ ಇಪ್ಪತ್ತೈದು ವರ್ಷದ ಮಾತು ಆಡಬೇಡ ತಾಯಿ, ನನಗೆ ಇಪ್ಪತ್ತೈದು ದಿನದ ಭರವಸೆಯೂ ಇಲ್ಲ ಎಂದೆ. ನಕ್ಕಳು. ಆಮೇಲೆ, ಇವತ್ತು ಯಾವ ವಾರ ಎಂದು ಕೇಳಿದೆ. ಮುದುಕಿಗೆ ವಾರ ಮರೆತಿದೆ ಅಂದುಕೊಂಡಳೋ ಏನೋ, ಮೆಲ್ಲಗೆ, ಬುಧವಾರ ಅಜ್ಜಿ ಎಂದಳು. ವಾರ ನನಗೆ ಗೊತ್ತಿತ್ತು. ಅವಳು ಅದನ್ನು ಯೋಚಿಸಿದ್ದಾಳೋ ಇಲ್ಲವೋ ತಿಳಿಯಬೇಕಿತ್ತು.

ಮನೆಗೆ ಬಂದ ಮೇಲೆ ಅವತ್ತು ಒಲೆ ಹಚ್ಚಲು ಮನಸ್ಸಾಗಲಿಲ್ಲ. ನಮ್ಮ ಮನೆಯವರು ಇದ್ದಿದ್ದರೆ ಆ ಹುಡುಗಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಕೂತಿರುತ್ತಿದ್ದರು. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದೂ ಬೇಡ. ರಾಜ್ಯ ಒಂದಾದ ಮೇಲೆ ಅವರಿಗೆ ಬೆಂಗಳೂರಿಗೆ ವರ್ಗವಾಯಿತು. ನಿವೃತ್ತರಾಗುವ ತನಕ ಈ ಊರಿನ ರಸ್ತೆ, ಬಸ್ಸುಗಳ ಯೋಜನೆ ಬರೆಯುವ ಕಚೇರಿಯಲ್ಲೇ ಇದ್ದರು. ಎಲ್ಲಾದರೂ ವಾಹನ ಎಣಿಸುವುದಿದ್ದರೆ ಹಿಂದಿನ ದಿನ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು. ನಾಳೆ ಯಾವ ವಾರ, ಯಾವ ಹಬ್ಬ, ಯಾರಿಗೆ ಉಪವಾಸ, ಎಲ್ಲಿ ಸಂತೆ ಎಂದು ನನ್ನನ್ನು ಕೇಳುತ್ತಿದ್ದರು. ಇಂಥ ದೊಡ್ಡ ಊರಿನ ಲೆಕ್ಕವನ್ನು ರೊಟ್ಟಿ ಬಡಿಯುವವಳ ಹತ್ತಿರ ಕೇಳುತ್ತೀರಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ. ಯಾಕೆ ನಗುತ್ತಿರಲಿಲ್ಲ ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ನನಗೊಬ್ಬಳಿಗೆ.

ಯುದ್ಧದ ಕಾಲ ಅದು, ನಮ್ಮ ಸೀಮೆ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನನಗೆ ಹದಿನಾರು ನಡೆಯುತ್ತಿತ್ತು. ಮಾಘದಲ್ಲಿ ಮದುವೆಯಾಗಿ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಬಾಡಿಗೆ ಮನೆ ಹೂಡಿದೆವು. ಸುತ್ತಲೂ ನೇಕಾರರ ಮನೆಗಳು. ಬೆಳಗಾದರೆ ಎಡಕ್ಕೊಂದು ಮಗ್ಗ, ಬಲಕ್ಕೊಂದು ಮಗ್ಗ, ಎರಡೂ ಒಂದೇ ತಾಳಕ್ಕೆ ಎಂದೂ ಬಡಿಯಲಿಲ್ಲ. ನಮ್ಮ ಮನೆಯವರದು ಗಂಗಾವತಿಯ ವ್ಯಾಪಾರಸ್ಥರ ಮನೆತನ. ಆದರೆ ಐದು ವರ್ಷದವರಿದ್ದಾಗಲೇ ಹೈದರಾಬಾದಿನ ಸೋದರಮಾವನ ಮನೆ ಸೇರಿ ಅಲ್ಲೇ ಉರ್ದು ಸಾಲಿ ಕಲಿತು ಸರ್ಕಾರಿ ರಸ್ತೆ ಕೆಲಸಕ್ಕೆ ಸೇರಿದ್ದರು. ಎತ್ತಿನ ಬಾಲ ಮುಟ್ಟಿದವರಲ್ಲ. ನಾನೋ ಒಕ್ಕಲುತನದ ಮನೆಯ ಮಗಳು. ನನ್ನ ತವರು ಯಲಬುರ್ಗಾ ದಾರಿಯಲ್ಲಿ, ಇಟಗಿಯಿಂದ ಎರಡು ಹರಿದಾರಿ ಇತ್ತು. ಕೊಪ್ಪಳದಿಂದ ಬಂಡಿಯಲ್ಲಿ ಹೊರಟರೆ ಅರ್ಧ ದಿನ. ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದು ಬರೀ ಉಸುಕು. ಮಳೆಗಾಲದಲ್ಲಿ ಮಾತ್ರ ಎರಡು ಮೂರು ತಿಂಗಳು ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ.

ಯುಗಾದಿ ಮುಗಿದದ್ದೇ ಇವರಿಗೆ ಹೈದರಾಬಾದಿನಿಂದ ಹುಕುಂ ಬಂತು. ಯುದ್ಧ ಮುಗಿದ ಮೇಲೆ ಇಪ್ಪತ್ತು ವರ್ಷಕ್ಕೆ ಆಗುವಂತೆ ಸಂಸ್ಥಾನದ ರಸ್ತೆಗಳ ಯೋಜನೆ ಮಾಡಬೇಕು, ಅದಕ್ಕೆ ಯಾವ ದಾರಿಯಲ್ಲಿ ಎಷ್ಟು ವಾಹನ ಓಡುತ್ತವೆ ಎಂದು ಎಣಿಸಿ ಕಳಿಸಬೇಕು. ಕುಷ್ಟಗಿ ರಸ್ತೆಗೊಬ್ಬರು, ಗಂಗಾವತಿ ರಸ್ತೆಗೊಬ್ಬರು, ಯಲಬುರ್ಗಾ ರಸ್ತೆಗೆ ಇವರು. ಎಣಿಸುವ ದಿನವನ್ನೂ ಅಲ್ಲಿಂದಲೇ ಗೊತ್ತು ಮಾಡಿದ್ದರು. ಅಲ್ಲಿ ಕಚೇರಿಗಳಿಗೆ ಶುಕ್ರವಾರ ರಜೆ. ಹಾಗಾಗಿ ಅವರ ವಾರದ ನಡುವೆ ಬೀಳುವುದು ಸೋಮವಾರ. ಸಂತೆ, ಹಬ್ಬ ಇಲ್ಲದ ಸಾದಾ ದಿನ ನೋಡಿಕೊಂಡು ಎಂಟು ಸೋಮವಾರ ಎಣಿಸಬೇಕು ಎಂದು ಬರೆದಿತ್ತು. ಕೊಪ್ಪಳದ ಸಂತೆಯ ದಿನ ಬಂಡಿಗಳು ಸಾಲುಗಟ್ಟುವುದು ಇವರಿಗೂ ಗೊತ್ತಿತ್ತು. ಆದರೆ ಸಂತೆ ಲೆಕ್ಕಕ್ಕಿಲ್ಲ. ಉಳಿದ ದಿನ ಇವರು ಮುನಿರಾಬಾದ್ ಕಡೆ ಸರಪಳಿ ಹಿಡಿದು ರಸ್ತೆ ಅಳೆಯಲು ಹೋಗುತ್ತಿದ್ದರು.

ನಮ್ಮ ಕಡೆ ಒಕ್ಕಲುತನದವರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅವತ್ತು ಎತ್ತಿನ ಮೈ ತೊಳೆದು ವಿಭೂತಿ ಹಚ್ಚಿ ಕೈಯಾರೆ ಮೇವು ಹಾಕುತ್ತಾರೆ. ಹೊಲದ ಕೆಲಸವೂ ಇಲ್ಲ, ಬಂಡಿಯೂ ಇಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟಿದ ಕೂಸಿಗೂ ಗೊತ್ತಿರುತ್ತದೆ ಎಂದು ನಾವು ತಿಳಿದಿದ್ದೆವು. ಇವರು ಸೋಮವಾರ ಬಂಡಿ ಎಣಿಸಲು ಹೊರಟಾಗ ನಾನು ಒಂದು ಗಳಿಗೆ ಬೆರಗಾದೆ. ಓದಿದವರು, ಏನೋ ಕಾರಣ ಇರುತ್ತದೆ ಎಂದುಕೊಂಡು ಸುಮ್ಮನಾದೆ. ಮದುವೆಯಾಗಿ ಎರಡು ತಿಂಗಳೂ ತುಂಬದ ಹೆಂಡತಿ ಗಂಡನ ಕಚೇರಿ ಕೆಲಸದಲ್ಲಿ ಬಾಯಿ ಹಾಕುವ ಕಾಲವಾಗಿರಲಿಲ್ಲ ಅದು.

ಎಣಿಸುವ ಜಾಗ ಊರಿಂದ ಎರಡು ಮೈಲು ಆಚೆ, ದಾರಿ ಕವಲೊಡೆಯುವಲ್ಲಿ. ಅಲ್ಲೊಂದು ಬೇವಿನ ಮರ. ನಾನು ಹೊತ್ತೇರುವ ಮೊದಲೇ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರಿನ ಗಡಿಗೆ ಬುಟ್ಟಿಯಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಬಿಸಿಲು ಇಳಿಯುವ ತನಕ ಮರದ ಆ ಕಡೆ ಕಂಬಳಿ ಹಾಸಿಕೊಂಡು ಕೂರುತ್ತಿದ್ದೆ. ಮೊದಲ ಸೋಮವಾರ ನಾವು ಬೆನ್ನಿಗೆ ಬೆನ್ನು ಮಾಡಿಕೊಂಡು ಕೂತಿದ್ದೆವು, ನಡುವೆ ಮರ. ಎರಡನೆಯ ಸೋಮವಾರ ಅವರು ಹಾಳೆ ತೋರಿಸಿದರು. ಉರ್ದುವಿನಲ್ಲಿ ಅಚ್ಚಾದದ್ದು, ಬಲದಿಂದ ಎಡಕ್ಕೆ ಚೌಕದ ಮನೆಗಳು. ಮೋಟಾರಿಗೊಂದು, ಬಂಡಿಗೊಂದು, ಟಾಂಗಾಕ್ಕೊಂದು, ಸೈಕಲ್ಲಿಗೊಂದು. ನಡೆದು ಹೋಗುವವರಿಗೆ ಮನೆ ಇರಲಿಲ್ಲ. ತಲೆಯ ಮೇಲೆ ಸೀರೆಯ ಗಂಟು ಹೊತ್ತ ನೇಕಾರ ಹೋದ, ಕಟ್ಟಿಗೆ ಹೊರೆ ಹೊತ್ತ ಹೆಂಗಸರು ಹೋದರು. ಇವರನ್ನು ಎಲ್ಲಿ ಬರೆಯುತ್ತೀರಿ ಎಂದು ಕೇಳಿದೆ. ಗಂಡನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. ಅವರು ತಲೆ ಕೆರೆದುಕೊಂಡು, ಇವರನ್ನು ನೀನು ಎಣಿಸು ಎಂದು ಒಂದು ಖಾಲಿ ಹಾಳೆ, ಸೀಸಕಡ್ಡಿ ಕೊಟ್ಟರು. ನಾಲ್ಕು ಗೀಟು, ಐದನೆಯದು ಅಡ್ಡ. ನಾನು ಕಲಿತ ಮೊದಲ ಬರವಣಿಗೆ ಅದೇ.

ಬಂಡಿಗಳು ಬರುತ್ತಿರಲಿಲ್ಲ. ಒಂದು ಸೋಮವಾರ ಮೂರು, ಒಂದು ಸೋಮವಾರ ಐದು, ಅವೂ ಕುದುರೆ ಕಟ್ಟಿದವೋ ದೂರದ ಊರಿನವೋ. ದಾರಿ ಬೆಳ್ಳಗೆ ಬಿದ್ದಿರುತ್ತಿತ್ತು. ಮಾಡಲು ಕೆಲಸವಿಲ್ಲದೆ ಇವರು ಮಾತಿಗೆ ಇಳಿಯುತ್ತಿದ್ದರು. ಹೈದರಾಬಾದಿನ ನಾಲ್ಕು ಮಿನಾರಿನ ಹತ್ತಿರ ರಸ್ತೆ ದಾಟುವುದು ಹೇಗೆ, ಎರಡು ಅಂತಸ್ತಿನ ಬಸ್ಸಿನಲ್ಲಿ ಮೇಲೆ ಕೂತರೆ ಹೇಗೆ ಕಾಣುತ್ತದೆ, ಮೀಸೆ ಬರುವ ಮೊದಲೇ ಮಾವನ ಹೆದರಿಕೆಯಿಂದ ಹೇಗೆ ಕದ್ದು ಬೀಡಿ ಸೇದಿದರು, ಎಲ್ಲ ಹೇಳುತ್ತಿದ್ದರು. ನಾನು ನನ್ನ ಅವ್ವನ ಮಾತು ಹೇಳುತ್ತಿದ್ದೆ. ಅವ್ವನ ವಿಷಯ ಎಷ್ಟು ಹೇಳಿದರೂ ಅವರಿಗೆ ಬೇಸರವಿರಲಿಲ್ಲ, ಅವರು ಚಿಕ್ಕವರಿದ್ದಾಗಲೇ ಅವರ ತಾಯಿ ತೀರಿಹೋಗಿದ್ದರು. ಮನೆಯಲ್ಲಿ ಹೀಗೆ ಮಾತಾಡಲು ಆಗುತ್ತಿರಲಿಲ್ಲ, ಅಲ್ಲಿ ಗೋಡೆಗೂ ಮಗ್ಗದವರ ಕಿವಿ. ನಿಜ ಹೇಳುತ್ತೇನೆ, ಮೂರನೆಯ ಸೋಮವಾರದಿಂದ ಮುಂದೆ ಬಂಡಿ ಬರದಿರಲಿ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ. ದೂರದಲ್ಲಿ ಧೂಳು ಎದ್ದರೆ ಹೊಟ್ಟೆ ಉರಿಯುತ್ತಿತ್ತು. ನನ್ನ ಜೀವನದಲ್ಲಿ ಸುಖ ಎಂದರೆ ಯಾವುದು ಎಂದು ಯಾರಾದರೂ ಕೇಳಿದರೆ ಆ ಬೇವಿನ ನೆರಳು, ಆ ಖಾಲಿ ದಾರಿ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದಾಗಲೂ ಅಷ್ಟು ಸುಖ ಆಗಲಿಲ್ಲ.

ಸುಮ್ಮನಿರಲು ಇನ್ನೊಂದು ಕಾರಣವೂ ಸಿಕ್ಕಿತು. ನನ್ನ ಅಣ್ಣ ನಿಂಗಪ್ಪ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದ. ಹಾಗೆ ಬಂದವನು ಒಂದು ಸಲ, ಇವರು ಹೊರಗೆ ಹೋದದ್ದು ನೋಡಿ, ನನ್ನನ್ನು ಹಿತ್ತಲಿಗೆ ಕರೆದ.

“ನಿನ್ನ ಗಂಡ ಸೋಮಾರ ಬಿಟ್ರ ಬ್ಯಾರೆ ವಾರ ಎಣಸಂಗಿಲ್ಲ ಹೌದಿಲ್ಲ? ಛಲೋ ಆತು ಬಿಡು. ಬಂಡಿ ಎಷ್ಟದಾವ ಅಂತ ಬರಕೊಂಡು ಹೋಗಿ, ನಾಳಿ ಎತ್ತು ಬಂಡಿ ಎಲ್ಲಾ ಯುದ್ಧಕ್ಕ ಎಳಕೊಂಡು ಹೋಗ್ತಾರ. ಊರಾಗ ಎಲ್ಲಾರೂ ಅದನ್ನ ಮಾತಾಡ್ತಾರ. ನೀ ಬಾಯಿ ಬಿಡಬ್ಯಾಡವ್ವ ತಂಗಿ.”

ಯುದ್ಧ ಎಲ್ಲಿ ನಡೆದಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಆದರೆ ಸರ್ಕಾರದವರು ಏನನ್ನಾದರೂ ಎಣಿಸಿದರೆ ಅದರ ಹಿಂದೆಯೇ ಕೇಳಲು ಬರುತ್ತಾರೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಯ ಜೋಡೆತ್ತು ಕರುಗಳಾಗಿದ್ದಾಗಿನಿಂದ ನನ್ನ ಅವ್ವ ಸಾಕಿದವು. ಅವನ್ನು ಯಾರೋ ಹಗ್ಗ ಹಿಡಿದು ಎಳೆದೊಯ್ಯುವುದನ್ನು ನೆನೆದೆ. ಇಲ್ಲಣ್ಣ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ತವರಿಗಾಗಿ ಗಂಡನಿಂದ ಒಂದು ಮಾತು ಮುಚ್ಚಿಟ್ಟೆ ಎಂದು ಒಳಗೊಳಗೆ ಹೆಮ್ಮೆಯೂ ಆಯಿತು. ಇವರು ದಾರಿಹೋಕರನ್ನು ನಿಲ್ಲಿಸಿ, ಯಾಕೆ ಇಷ್ಟು ಕಡಿಮೆ ಬಂಡಿ ಎಂದು ಕೇಳಿದರೆ, ನಮ್ಮದು ಬಡ ಸೀಮೆ, ಬಂಡಿ ಎಲ್ಲಿಂದ ಬರಬೇಕು ಸಾಹೇಬರೇ ಎಂದು ಒಬ್ಬರಾದ ಮೇಲೆ ಒಬ್ಬರು ಮುಖ ಸಪ್ಪೆ ಮಾಡಿ ಹೇಳಿ ಹೋಗುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಎಂಟನೆಯ ಸೋಮವಾರ ಮುಗಿಯಿತು. ಮೋಡ ಕಟ್ಟಲು ಶುರುವಾಗಿತ್ತು. ಗುರುವಾರ ಇವರು ಲೆಕ್ಕ ತೆಗೆದು ಲಕೋಟೆ ಮಾಡಿ ಹೈದರಾಬಾದಿಗೆ ರವಾನಿಸಿದರು. ಶುಕ್ರವಾರ ರಜೆ. ಉಣ್ಣಲು ಕೂತವರು ರೊಟ್ಟಿ ಮುರಿಯದೆ ಹಾಗೇ ಕೂತರು. ಏನಾಯಿತು ಎಂದು ಕೇಳಿದೆ. ಆಗ ಹೇಳಿದರು.

ಕುಷ್ಟಗಿ ದಾರಿಗೆ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸುಗಳಿದ್ದವು, ಗಂಗಾವತಿ ದಾರಿಗೆ ವ್ಯಾಪಾರಿಗಳ ಮೋಟಾರುಗಳಿದ್ದವು. ಅವಕ್ಕೆ ಸೋಮವಾರವೂ ಒಂದೇ, ಮಂಗಳವಾರವೂ ಒಂದೇ. ನಮ್ಮ ದಾರಿಯಲ್ಲಿ ಇದ್ದದ್ದೆಲ್ಲ ಎತ್ತಿನ ಬಂಡಿ. ಈ ಎಣಿಕೆ ನೋಡಿಯೇ ಯಾವ ರಸ್ತೆಗೆ ಕಲ್ಲು ಹಾಕಬೇಕು, ಯಾವ ಹಳ್ಳಕ್ಕೆ ಸೇತುವೆ ಕಟ್ಟಬೇಕು ಎಂದು ಇಪ್ಪತ್ತು ವರ್ಷಕ್ಕೆ ಬರೆದಿಡುತ್ತಾರಂತೆ.

“ನಿನ್ನ ತವರಿನ ಹಳ್ಳಕ್ಕ ಸೇತುವೆ ಬರ್ತದ ಅಂತ ನಂಬಿದ್ದೆ” ಎಂದರು. “ಮಳಿಗಾಲದಾಗ ನೀ ಅವ್ವನ ನೆನಸಿ ಅಳಬಾರದು ಅಂತ ಇತ್ತು. ಆದರ ಆ ದಾರ್ಯಾಗ ಬಂಡೀನ ಇಲ್ಲ. ಇಲ್ಲದ್ದು ಹ್ಯಾಂಗ ಬರೀಲಿ?”

ನಾನು ಚಟ್ನಿಯ ಬಟ್ಟಲು ಕೆಳಗಿಟ್ಟೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸೇತುವೆಯ ಮಾತು ಹೊರಗೆ ಬಂದರೆ ಒಂದೇ ಬಂಡಿ ದಿನಕ್ಕೆ ಹತ್ತು ಸಲ ಓಡಾಡುತ್ತದೆ, ಅದಕ್ಕೇ ಯಾರಿಗೂ ಹೇಳಬಾರದೆಂದು ಹುಕುಮಿನಲ್ಲೇ ಬರೆದಿದೆ ಎಂದರು. ನಿನಗೆ ಹೇಳಿದರೆ ನಿಮ್ಮ ಅಣ್ಣನಿಗೆ ಹೇಳದೆ ಇರುತ್ತಿದ್ದೆಯಾ ಎಂದು ನಗಲು ನೋಡಿದರು.

“ಸೋಮಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ರಿ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ನಿನಗ ಗೊತ್ತಿತ್ತು?”

“ಗೊತ್ತಿತ್ರಿ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೈ ತೊಳೆದು ಎದ್ದು ಹೋಗಿ ಕಟ್ಟೆಯ ಮೇಲೆ ಕೂತರು. ಮಂಗಳವಾರ ಕಚೇರಿಗೆ ಹೋಗದೆ ಬೇವಿನ ಮರದ ಕೆಳಗೆ ತಾವಾಗಿ ಹೋಗಿ ಕೂತು ಎಣಿಸಿದರು. ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಸೋಮವಾರ ಕಟ್ಟಿಹಾಕಿದ್ದ ಎತ್ತುಗಳೆಲ್ಲ ಒಂದೇ ದಿನ ದಾರಿಗಿಳಿದಂತೆ ಬಂಡಿಗಳು ಬಂದವಂತೆ. ಹತ್ತಿ, ಜೋಳ, ಕಡಲೆ ಹೊಟ್ಟು, ಸ್ಟೇಷನ್ನಿಗೆ ಹೋಗುವ ಜನ. ಹಾಳೆ ಸಾಲದೆ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದರು. ಅವತ್ತೇ ಎರಡನೆಯ ಲಕೋಟೆ ಹೋಯಿತು. ಆಷಾಢದಲ್ಲಿ ಉತ್ತರ ಬಂತು. ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಎಣಿಕೆಗಳನ್ನು ಯೋಜನೆಯಲ್ಲಿ ಸೇರಿಸಿ ಆಗಿದೆ, ಈ ವಿಷಯವನ್ನು ಮುಂದಿನ ಯೋಜನೆಯಲ್ಲಿ ನೋಡಲಾಗುವುದು. ಮುಂದಿನ ಯೋಜನೆ ಎಂದರೆ ಯಾವಾಗ ಎಂದು ಕೇಳಿದೆ. ಅವರು ಕಾಗದ ಮಡಚಿದರು. ಸೇತುವೆ ಆಯಿತು, ಇಲ್ಲ ಎನ್ನುವುದಿಲ್ಲ. ನನ್ನ ದೊಡ್ಡ ಮಗನ ಮದುವೆಯ ಹೊತ್ತಿಗೆ ಆಯಿತು.

ಆ ವರ್ಷ ಶ್ರಾವಣ ಬಂತು. ಪಂಚಮಿಗೆ ಅಣ್ಣ ಬಂದು ಹೊಸದಾಗಿ ಮದುವೆಯಾದ ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಆ ಹಬ್ಬಕ್ಕೆ ತವರಿಗೆ ಹೋಗದ ಹೆಣ್ಣಿನ ಸಂಕಟ ನಮ್ಮ ಸೀಮೆಯ ಹೆಣ್ಣುಮಕ್ಕಳನ್ನು ಕೇಳಬೇಕು. ನನಗೆ ಐದು ತಿಂಗಳು ತುಂಬಿತ್ತು. ಕಾದೆ. ಅಣ್ಣ ಬರಲಿಲ್ಲ. ಮೇಲೆ ಎಲ್ಲೋ ಮಳೆ ಹೊಡೆದು ಹಳ್ಳ ದಂಡೆ ತುಂಬಿ ಹರಿಯುತ್ತಿತ್ತು. ನನ್ನ ಮುಖ ನೋಡಲಾರದೆ ಇವರು ಟಾಂಗಾ ಮಾಡಿಸಿ ಹಳ್ಳದ ತನಕ ಕರೆದುಕೊಂಡು ಹೋದರು.

ಆ ದಂಡೆಯಲ್ಲಿ ನಮ್ಮ ಬಂಡಿ ನಿಂತಿತ್ತು. ಅವ್ವ ಮುಂಜಾನೆಯಿಂದ ಅಲ್ಲೇ ಕೂತಿದ್ದಳಂತೆ. ಪಕ್ಕದಲ್ಲಿ ಉಂಡಿಯ ಬುಟ್ಟಿ. ನನ್ನನ್ನು ಕಂಡದ್ದೇ ಎದ್ದು ನೀರಿನ ಅಂಚಿಗೆ ಬಂದಳು. ಏನೋ ಕೂಗಿದಳು, ಕೆಂಪು ನೀರಿನ ಸಪ್ಪಳದಲ್ಲಿ ಒಂದು ಅಕ್ಷರವೂ ಈ ಕಡೆ ದಾಟಲಿಲ್ಲ. ನಾನೂ ಕೂಗಿದೆ. ಕೊನೆಗೆ ಅವ್ವ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಎಷ್ಟು ಎನ್ನುವಂತೆ ಅಂಗೈ ತಿರುಗಿಸಿದಳು. ನಾನು ಐದು ಬೆರಳು ತೋರಿಸಿದೆ. ಅವ್ವ ಬೆರಳು ಮಡಚಿ ಮಡಚಿ ಎಣಿಸಿದಳು. ಆಮೇಲೆ ನೀರನ್ನು ತೋರಿಸಿ, ಕೈ ಕೆಳಗಿಳಿಸಿ, ತನ್ನ ಎದೆ ಮುಟ್ಟಿಕೊಂಡು ನನ್ನ ಕಡೆ ಬೆರಳು ಮಾಡಿದಳು. ನೀರು ಇಳಿಯಲಿ, ನಾನೇ ಬಂದು ಕರಕೊಂಡು ಹೋಗುತ್ತೇನೆ. ಚೊಚ್ಚಲ ಬಾಣಂತನ ತವರಿನದು. ನಾವು ಕತ್ತಲಾಗುವ ಮೊದಲೇ ಹೊರಟೆವು. ಟಾಂಗಾ ತಿರುವು ದಾಟುವ ತನಕ ಅವ್ವ ಕೈ ಎತ್ತಿಕೊಂಡೇ ನಿಂತಿದ್ದಳು.

ಭಾದ್ರಪದದಲ್ಲಿ ಅವ್ವನಿಗೆ ಜ್ವರ ಬಂತು. ಊರಿನ ಔಷಧಕ್ಕೆ ಬಗ್ಗಲಿಲ್ಲ. ಕೊಪ್ಪಳದ ದವಾಖಾನೆಗೆ ತರಬೇಕೆಂದು ಅಣ್ಣ ಕೌದಿಯಲ್ಲಿ ಸುತ್ತಿ ಬಂಡಿಯಲ್ಲಿ ಮಲಗಿಸಿಕೊಂಡು ಹಳ್ಳದ ದಂಡೆಗೆ ಬಂದ. ಒಂದು ಹಗಲೆಲ್ಲ ನೀರು ಇಳಿಯುವುದನ್ನು ಕಾದ. ಸಂಜೆಗೆ ಬಂಡಿ ತಿರುಗಿಸಿಕೊಂಡು ಮನೆಗೆ ಹೋದ. ನನಗೆ ಸುದ್ದಿ ಬಂದದ್ದು ಮೂರನೆಯ ದಿನ, ರೈಲಿನ ದಾರಿ ಹಿಡಿದು ಸುತ್ತಿ ಬಂದ ಊರವನೊಬ್ಬನ ಬಾಯಿಂದ. ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಸೇತುವೆ ಬರೆದಿದ್ದರೂ ಆ ಮಳೆಗಾಲಕ್ಕೇ ಕಟ್ಟಿ ಮುಗಿಯುತ್ತಿರಲಿಲ್ಲ ಎಂದು ಇವರು ನನಗೆ ಎಷ್ಟೋ ವರ್ಷ ಸಮಾಧಾನ ಹೇಳಿದರು. ಅದು ಲೆಕ್ಕದ ಮಾತು, ಸರಿಯಾದ ಮಾತೇ. ನನ್ನ ಮನಸ್ಸು ಆ ಲೆಕ್ಕಕ್ಕೆ ಒಂದು ದಿನವೂ ಒಪ್ಪಲಿಲ್ಲ. ನನ್ನ ಅವ್ವನ ದಾರಿ ಇಲ್ಲವೆಂದು ಬರೆಸಿದವಳು ನಾನು.

ದೀಪಾವಳಿ ಕಳೆದು ಕಾರ್ತಿಕ ಅರ್ಧವಾಗಿತ್ತು. ಒಂದು ಮುಂಜಾನೆ ಮನೆಯ ಮುಂದೆ ಎತ್ತಿನ ಗಂಟೆಯ ಸಪ್ಪಳವಾಯಿತು. ಬಾಗಿಲಿಗೆ ಬಂದು ನೋಡಿದರೆ ಅಣ್ಣ. ಬಂಡಿಯಲ್ಲಿ ಮೆತ್ತಗೆ ಹುಲ್ಲು ಹರವಿ ಮೇಲೆ ಕೌದಿ ಹಾಸಿಕೊಂಡು ಬಂದಿದ್ದ. ಅವತ್ತು ಸೋಮವಾರ. ಎದುರು ಮನೆಯ ನೇಕಾರ ಮುದುಕ ಮಗ್ಗ ನಿಲ್ಲಿಸಿ ಹೊರಗೆ ಬಂದು ನೊಗದ ಕಡೆ ನೋಡಿದ, ಅಣ್ಣನ ಕಡೆ ನೋಡಿದ, ಒಳಗೆ ಹೋದ. ಇವತ್ತು ಯಾಕೆ ಹೂಡಿದೆ ಅಣ್ಣ ಎಂದೆ.

“ನಿನ್ನ ಕರಕೊಂಡು ಬರಬೇಕಾದಾಕಿ ಅವ್ವ. ಆಕಿನ ಹೋದಮ್ಯಾಲ ನನಗ ಯಾವ ವಾರ?” ಎಂದ. “ಬಸವಣ್ಣ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಹತ್ತು.”

ಇವರು ಕೈ ಹಿಡಿದು ನನ್ನನ್ನು ಬಂಡಿ ಹತ್ತಿಸಿದರು. ಹಳ್ಳದಲ್ಲಿ ನೀರು ಎತ್ತಿನ ಗೊರಸು ತೊಯ್ಯುವಷ್ಟಿತ್ತು. ಇಳಿಜಾರಿನಲ್ಲಿ ಬಸುರಿ ಹೆಂಗಸು ಬಂಡಿಯಲ್ಲಿ ಕೂರಬಾರದೆಂದು ಅಣ್ಣ ನನ್ನನ್ನು ಈ ದಂಡೆಯಲ್ಲೇ ಇಳಿಸಿ, ಬಂಡಿಯನ್ನು ಆ ದಂಡೆಗೆ ಹತ್ತಿಸಿ ನಿಲ್ಲಿಸಿದ. ಅವ್ವ ನಿಂತಿದ್ದ ಜಾಗದಲ್ಲೇ ಈಗ ಅವನು ನಿಂತಿದ್ದ. ಗಾಳಿಯೂ ಇರಲಿಲ್ಲ. ನಾನು ಕೂಗಲಿಲ್ಲ, ಮನೆಯೊಳಗೆ ಕರೆಯುವಷ್ಟೇ ದನಿಯಲ್ಲಿ, ಯವ್ವಾ ಎಂದೆ.

ಅಣ್ಣ ಆ ಕಡೆಯಿಂದ ಕಣ್ಣೊರೆಸಿಕೊಂಡ.

“ಕೇಳಿಸ್ತವ್ವ” ಎಂದ. “ಬಾ.”